ವಾಲ್ಯೂಮ್ ಸೊನ್ನೆಗಿಟ್ಟರೂ ಆಂಪ್ಲಿಫೈಯರ್ ಗುಂಯ್ ಅಂತೈತಿ

ಪ್ರಶ್ನೆ, ಗಂಗಾವತಿಯಿಂದ:
ನಮಸ್ಕಾರ್ರಿ. ನನ್ನ ಆಂಪ್ಲಿಫೈಯರಿನಾಗ ಇರೋದು: 12 ವೋಲ್ಟ್ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಎಸಿಯನ್ನ ಡಿಸಿ ಮಾಡೋ ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, 1000 ಮೈಕ್ರೊಫ್ಯಾರಡ್ 25 ವೋಲ್ಟ್ ಕೆಪಾಸಿಟರ್. ಮುಂದ 10ಕೆ ವಾಲ್ಯೂಮ್, ಬಿಸಿ547 ಟ್ರಾನ್ಸಿಸ್ಟರ್ ಎರಡು, ಔಟ್‌ಪುಟ್‌ಗೆ ಟಿಐಪಿ31-ಟಿಐಪಿ32 ಟ್ರಾನ್ಸಿಸ್ಟರ್ ಜೋಡಿ, 8 ಓಮ್ ಸ್ಪೀಕರ್. ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಗುಂಯ್ ನಿಲ್ಲವಲ್ದು. ವಾಲ್ಯೂಮ್ ಗುಂಡಿ ಮುಟ್ಟಿದ್ರ ಸಪ್ಪಳ ಬದಲಾಗ್ತೈತಿ. ಫೋನ್ ಚಾರ್ಜಿಗಿಟ್ಟು ಹಾಡು ಹಚ್ಚಿದ್ರ ಅದರ ಮ್ಯಾಲೆ ಜಿರ್ರ್ ಅಂತ ಬ್ಯಾರೆ ಸಪ್ಪಳ. ಸ್ಪೀಕರ್, ಅದರ ವೈರ್ ಎರಡೂ ಬದಲಿಸೀನಿ. ಕೆಪಾಸಿಟರ್ 4700 ಹಾಕಿದ್ರ ಸಾಕಾ?

ಉತ್ತರ, ರಾಯಚೂರಿನಿಂದ:
ಬರೇ ದೊಡ್ಡ ಕೆಪಾಸಿಟರ್ ಹಾಕಿದ್ರ ಅರ್ಧ ಕೆಲಸ ಆಗ್ತದ, ಅಷ್ಟೇ. ಲೆಕ್ಕ ನೋಡ್ರಿ: ಬ್ರಿಡ್ಜ್ ಆದ ಮ್ಯಾಲೆ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬ್ತದ. ಸುಮ್ಮನಿದ್ದಾಗ 50 ಮಿಲಿಆಂಪಿಯರ್ ಎಳೆದ್ರೂ 1000ದ ಮ್ಯಾಲೆ ಸುಮಾರು ಅರ್ಧ ವೋಲ್ಟ್ ಏರಿಳಿತ, ಅದೇ ಗುಂಯ್ ಆಗಬಹುದು. ಜೋರು ಹಚ್ಚಿ ಅರ್ಧ ಆಂಪಿಯರ್ ಎಳೆದ್ರ ಐದು ವೋಲ್ಟಿನ ಹತ್ರ. 4700 ಹಾಕಿದ್ರ ಅದೇ ಐದು, ಒಂದಕ್ಕ ಇಳೀತದ. ಹಾಕ್ರಿ, ಆದ್ರ ಮೊದಲ ಸಪ್ಪಳ ಎಲ್ಲಿಂದ ಬರ್ತದ ಅಂತ ಹಿಡೀರಿ.

ಕರೆಂಟ್ ತೆಗೆದು 12 ವೋಲ್ಟ್ ಬ್ಯಾಟರಿ ಮ್ಯಾಲೆ ಓಡಿಸ್ರಿ, ಪ್ಲಸ್ ವೈರಿಗೆ 2 ಆಂಪಿಯರ್ ಫ್ಯೂಸ್ ಬೇಕೇ ಬೇಕು, ಶಾರ್ಟ್ ಆದ್ರ ವೈರ್ ಕೆಂಪಗಾಗ್ತದ. ಗುಂಯ್ ಪೂರ್ತಿ ಹೋದ್ರ ತಪ್ಪು ಪವರ್ ಸಪ್ಲೈದು, ಇಲ್ಲಾ ಅದರ ಗ್ರೌಂಡ್ (ಮೈನಸ್ ಲೈನ್) ಜೋಡಣೆದು.

ಹಂಗಾದ್ರ ಮೊದಲ ಬಿಸಿ547ಗೆ ಹೋಗೋ ಪ್ಲಸ್ ಲೈನ್ ಕತ್ತರಿಸಿ 1ಕೆ ರೆಸಿಸ್ಟರ್ ಸೇರಿಸ್ರಿ. ರೆಸಿಸ್ಟರಿನ ಟ್ರಾನ್ಸಿಸ್ಟರ್ ಕಡೆಯಿಂದ ಗ್ರೌಂಡಿಗೆ 220 ಮೈಕ್ರೊಫ್ಯಾರಡ್. 100 ಹರ್ಟ್ಸಿಗೆ ಆ ಕೆಪಾಸಿಟರ್ ಬರೇ 7 ಓಮ್ ಇದ್ದಂಗ, ಏರಿಳಿತ ನೂರಕ್ಕಿಂತ ಹೆಚ್ಚು ಪಟ್ಟು ಕಮ್ಮಿ ಆಗ್ತದ. ಆ ಹಂತ ಎಳೆಯೋದು 1 ಮಿಲಿಆಂಪಿಯರ್ ಆದ್ರ ಒಂದೇ ವೋಲ್ಟ್ ಇಳೀತದ. ಟ್ರಾನ್ಸಿಸ್ಟರಿನ ಬೇಸಿಗೆ (ಇನ್‌ಪುಟ್ ಕಾಲಿಗೆ) ವೋಲ್ಟೇಜ್ ಕೊಡೋ ಬಯಾಸ್ ರೆಸಿಸ್ಟರನ್ನೂ ಈ ಸ್ವಚ್ಛ ಕಡೆಗೇ ಜೋಡಿಸ್ರಿ, ಅದನ್ನ ಹಳೇ ಲೈನಿಗೇ ಬಿಟ್ರ ಏರಿಳಿತ ಸೀದಾ ಬೇಸಿಗೆ ಹೋಗಿ ದೊಡ್ಡದಾಗ್ತದ.

ಉತ್ತರ, ಬಳ್ಳಾರಿಯಿಂದ:
ಮೇಲಿನ ಮಾತು ಸರಿ. ಒಂದನ್ನು ಸೇರಿಸ್ತೀನಿ: ಕೆಪಾಸಿಟರ್ ದೊಡ್ಡದಾದಷ್ಟೂ ಡಯೋಡಿನಿಂದ ಬರುವ ಕರೆಂಟ್ ಚೂಪು ಏಟುಗಳಾಗಿ ಬರುತ್ತೆ. ಬ್ರಿಡ್ಜಿನ ಮೈನಸ್‌ನಿಂದ ಕೆಪಾಸಿಟರಿನ ಮೈನಸ್‌ಗೆ ಹೋಗುವ ಎರಡಿಂಚು ತಂತಿಯಲ್ಲಿ ಆ ಏಟು ಕೆಲವು ಮಿಲಿವೋಲ್ಟ್ ಎಬ್ಬಿಸುತ್ತೆ. ಇನ್‌ಪುಟ್ ಗ್ರೌಂಡನ್ನು ಆ ತಂತಿಯ ನಡುವೆ ಎಲ್ಲಿಯಾದರೂ ಬೆಸುಗೆ ಹಾಕಿದ್ದರೆ ಅದೇ ಮಿಲಿವೋಲ್ಟ್ ಹಾಡಿನ ಜೊತೆ ಸೇರಿ ನೂರು ಪಟ್ಟು ಬೆಳೆಯುತ್ತೆ. ಅಂಥ ಜೋಡಣೆಯಲ್ಲಿ 4700 ಹಾಕಿದ ಮೇಲೆ ಸದ್ದು ಇನ್ನೂ ಒರಟಾಗಬಹುದು.

ಅದಕ್ಕೆ ಬ್ರಿಡ್ಜಿನ ಮೈನಸ್ ಮೊದಲು ಕೆಪಾಸಿಟರಿನ ಕಾಲಿಗೇ ಮುಟ್ಟಲಿ. ಅಲ್ಲಿಂದ ಒಂದೇ ದಪ್ಪ ತಂತಿ ಬೇರೆ ಒಂದು ಬಿಂದುವಿಗೆ ಬರಲಿ. ಸ್ಪೀಕರ್ ಗ್ರೌಂಡ್, ಔಟ್‌ಪುಟ್ ಹಂತದ ಗ್ರೌಂಡ್, ಇನ್‌ಪುಟ್ ಗ್ರೌಂಡ್ ಮೂರೂ ಬೇರೆ ಬೇರೆ ತಂತಿಯಲ್ಲಿ ಆ ಬಿಂದುವಿಗೇ ಬರಬೇಕು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಬೇಡಿ.

ಗುಂಡಿ ಮುಟ್ಟಿದರೆ ಸದ್ದು ಬದಲಾಗೋದು ಪಾಟ್‌ನ (ವಾಲ್ಯೂಮ್ ಕಂಟ್ರೋಲಿನ) ಲೋಹದ ಮೈ ಗ್ರೌಂಡಿಗೆ ಸೇರದಿದ್ದಾಗ. ಮೈಮೇಲಿನ ಲೇಪನವನ್ನು ಚೂರು ಕೆರೆದು, ಹೊಳೆಯುವ ಜಾಗಕ್ಕೆ ತಂತಿ ಬೆಸೆದು ಇನ್‌ಪುಟ್ ಗ್ರೌಂಡಿಗೆ ಕೊಡಿ. ಇನ್‌ಪುಟ್‌ಗೆ ಶೀಲ್ಡ್ ವೈರ್ (ಮೇಲೆ ಲೋಹದ ಜಾಲರಿ ಸುತ್ತಿದ ವೈರ್) ಬಳಸಿ, ಜಾಲರಿಯನ್ನು ಬೋರ್ಡಿನ ಒಳಗೆ ಒಂದೇ ಕಡೆ ಬೆಸೆಯಿರಿ. ಟ್ರಾನ್ಸ್‌ಫಾರ್ಮರ್ ಪ್ರಿ ಹಂತದಿಂದ (ಬಿಸಿ547 ಇರುವ ಮೊದಲ ಹಂತ) ಆರಿಂಚಾದರೂ ದೂರ ಇರಲಿ. ಬ್ಯಾಟರಿ ಮೇಲೂ ಸಣ್ಣ ಗುಂಯ್ ಉಳಿದರೆ ಅದು ಮನೆಯ ವೈರಿಂಗಿನಿಂದ ಗಾಳಿಯಲ್ಲಿ ಹಿಡಿಯುವ 50 ಹರ್ಟ್ಸ್, ಶೀಲ್ಡಿನಿಂದಲೇ ಹೋಗಬೇಕು.

ಚಾರ್ಜರ್ ಜಿರ್ರ್ ಬೇರೆ ರೋಗ. ಚಾರ್ಜರಿನೊಳಗಿನ ಕೆಪಾಸಿಟರ್ ಮೂಲಕ ಸೋರುವ ಕರೆಂಟ್ ಫೋನಿನ ಗ್ರೌಂಡ್ ಹಿಡಿದು ನಿಮ್ಮ ಬೋರ್ಡಿಗೆ ಇಳಿಯುತ್ತೆ. ಚಾರ್ಜರ್ ಕಿತ್ತರೆ ನಿಂತರೆ ಅದೇ ಕಾರಣ. ಚಾರ್ಜಿಂಗ್ ಜೊತೆಗೇ ಕೇಳಬೇಕಿದ್ದರೆ 600 ಓಮಿನ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಅನ್ನು ಫೋನ್ ಮತ್ತು ಬೋರ್ಡಿನ ನಡುವೆ ಹಾಕಿ.

ಪ್ರಶ್ನೆ ಕೇಳಿದವರು:
ಬ್ಯಾಟರಿ ಮ್ಯಾಲೆ ಗುಂಯ್ ಪೂರಾ ಹೋತ್ರಿ. ಇನ್‌ಪುಟ್ ಗ್ರೌಂಡ್ ಡಯೋಡಿನ ಕಾಲಿಗೇ ಬೆಸುಗೆ ಐತಿ. ಅದನ್ನ ಕಿತ್ತು ಬ್ಯಾರೆ ಎಳೀತೀನಿ. ಟಿಐಪಿಗೂ ಏನಾರ ಬೇಕಾ?

ಉತ್ತರ, ರಾಯಚೂರಿನಿಂದ:
ಸ್ಪೀಕರ್ ಎರಡು ತುದಿಗೂ ಅಡ್ಡ 10 ಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಒಂದರ ಹಿಂದೊಂದು ಹಾಕ್ರಿ. ಇಲ್ಲಾಂದ್ರ ಕಿವಿಗೆ ಕೇಳದ ಮೇಲ್ಮಟ್ಟದಾಗ ಸರ್ಕ್ಯೂಟ್ ತಾನೇ ಕುಣಿದು ಟಿಐಪಿ ಸುಡ್ತದ. ಹಾಡಿಲ್ಲದಾಗಲೂ ಹೀಟ್‌ಸಿಂಕ್ ಕೈ ಇಡದಂಗ ಕಾದ್ರ ಇದನ್ನೇ ಮೊದಲ ನೋಡ್ರಿ. ಟಿಐಪಿಗಳ ಸುಮ್ಮನಿದ್ದಾಗಿನ ಕರೆಂಟ್ ನಿಗದಿ ಮಾಡೋ ಬಯಾಸ್ ಡಯೋಡ್ ಎರಡನ್ನೂ ಹೀಟ್‌ಸಿಂಕಿಗೆ ಒತ್ತಿ ಇಡ್ರಿ. ನಮ್ಮ ಕಡೆ ಏಪ್ರಿಲ್-ಮೇ ಸೆಕೀಗೆ ಅದಿಲ್ಲದಿದ್ರ ಸುಮ್ಮನಿದ್ದಾಗಿನ ಕರೆಂಟ್ ಏರ್ತಾನೇ ಹೋಗ್ತದ.