ಓದುಗರ ಸ್ಪಂದನ: ‘ನಮ್ಮನೆಗೆ ಹೋಗ್ತೀನಿ’

ಕಳೆದ ವಾರ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದರು: ‘ಅತ್ತೆಗೆ 72, ಮರೆವಿನ ಕಾಯಿಲೆ ಅಲ್ಜೈಮರ್. ಸಂಜೆಯಾದರೆ ಸೀರೆ ಗಂಟು ಕಟ್ಟಿಕೊಂಡು “ನಮ್ಮನೆಗೆ ಹೋಗ್ತೀನಿ” ಅಂತ ಗೇಟಿಗೆ ಬರುತ್ತಾರೆ. ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿದರೆ ತಪ್ಪಾ?’

ತಂಗೀ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದು ಬರೆಯುವುದಿಲ್ಲ, ಉಪಯೋಗಕ್ಕೆ ಬರುವುದನ್ನಷ್ಟೇ ಬರೆಯುತ್ತೇನೆ. ಸಂಜೆ ಹೊತ್ತಿಗೆ ಮಿದುಳು ದಣಿದಿರುತ್ತದೆ, ಬೆಳಕು ಇಳಿದಾಗ ನೆರಳೆಲ್ಲ ಮನುಷ್ಯರ ಹಾಗೆ ಕಾಣುತ್ತದೆ. ಕತ್ತಲಾಗುವ ಮೊದಲೇ ಲೈಟು ಹಾಕಿ. ಜೀರೋ ಬಲ್ಬ್ ಸಾಲದು. ಕಿಟಕಿಗೆ ಪರದೆ ಎಳೆಯಿರಿ, ಗಾಜಿನಲ್ಲಿ ಕಂಡ ತಮ್ಮ ಮುಖವೇ ಅವರಿಗೆ ಅಪರಿಚಿತರದ್ದಾಗಬಹುದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಊಟದ ಮೇಲೆ ಕಾಫಿ ಬೇಡ. ನಾಲ್ಕೂವರೆಗೆ ಏನಾದರೂ ತಿನ್ನಲು ಕೊಡಿ. ಹಸಿವನ್ನೂ ಮೂತ್ರವನ್ನೂ ಹೇಳಲಾಗದೆ ‘ಮನೆಗೆ’ ಅನ್ನುವುದುಂಟು. ‘ಇದೇ ನಿಮ್ಮನೆ’ ಎಂದು ವಾದಿಸಬೇಡಿ. ಅವರು ಹೇಳುತ್ತಿರುವುದು ಬಹುಶಃ ತವರು. ಅಂಗಳದಲ್ಲಿ ಏನು ಮರವಿತ್ತು ಅಂತ ಕೇಳಿ, ಕೈ ಹಿಡಿದು ಬೀದಿಯ ಕೊನೆವರೆಗೆ ಹೋಗಿ ಬನ್ನಿ. ಆಮೇಲೆ ಮೊರದಲ್ಲಿ ಅವರೆಕಾಯಿ ಕೊಡಿ, ಬಿಡಿಸಲಿ. ಹೆಸರು ಮರೆತವರಿಗೂ ಕೈಕೆಲಸ ಬಹುಕಾಲ ನೆನಪಿರುತ್ತದೆ. ಸಿಪ್ಪೆ, ಕಾಳು ಬೆರೆತರೆ ಅವರ ಮುಂದೆ ಆರಿಸಬೇಡಿ.
– ಮೈಸೂರು

ಒಳಗೆ ಒಬ್ಬರನ್ನೇ ಬಿಟ್ಟು ಹೊರಗಿನಿಂದ ಬೀಗವೇ? ಒಲೆಯಿಂದ ಬೆಂಕಿ ಹತ್ತಿದರೆ ಬಾಗಿಲು ತೆಗೆಯುವವರು ಯಾರು?
– ಧಾರವಾಡ

ಮಾತು ಬಿರುಸು. ಪ್ರಶ್ನೆ ಮಾತ್ರ ತಪ್ಪಲ್ಲ. ಮುಂದಿನ ಇಬ್ಬರು ಬೀಗವನ್ನು ಬಿಟ್ಟು ಬೇರೆಯದನ್ನು ನೋಡಿದ್ದಾರೆ.

ಔಷಧ ಅಂಗಡಿಯವನ ಮಾತು: ಗೊಂದಲ ಎರಡು ದಿನದಲ್ಲಿ ದಿಢೀರನೆ ಹೆಚ್ಚಾಯಿತೆಂದರೆ ಬರೀ ಮರೆವಿನ ಕಾಯಿಲೆ ಅನ್ನಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿರುವುದು – ಇವನ್ನು ಮೊದಲು ನೋಡಿಸಿ. ಕ್ಲೋರ್‌ಫೆನಿರಮೈನ್ ಇರುವ ನೆಗಡಿ ಮಾತ್ರೆ ಗೊಂದಲ ಹೆಚ್ಚಿಸುತ್ತದೆ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ತಗೊಂಡು ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಬಿ12, ಥೈರಾಯ್ಡ್ ಪರೀಕ್ಷೆ ಆಗಿದೆಯೇ?
– ಹಾಸನ

ಪತ್ರದಲ್ಲಿ ಮಗನ ಸುದ್ದಿಯೇ ಇಲ್ಲ. ಸಂಜೆ ಐದರಿಂದ ಏಳರವರೆಗೆ ಅವರೆಲ್ಲಿರುತ್ತಾರೆ?
– ಉಡುಪಿ

ಗೇಟಿಗೆ ಗೆಜ್ಜೆ ಕಟ್ಟಿ, ತೆಗೆದರೆ ಸದ್ದಾಗುತ್ತದೆ. ಮನೆಯಲ್ಲಿ ಜನ ಇದ್ದಾಗ ಚಿಲಕ ಕಣ್ಣಳತೆಗಿಂತ ಮೇಲಿರಲಿ. ರವಿಕೆಯ ಒಳಗೆ ಫೋನ್ ನಂಬರ್ ಹೊಲಿಯಿರಿ, ಚೀಟಿಯಾದರೆ ಬಿಸಾಡುತ್ತಾರೆ. ಈಚಿನ ಫೋಟೊ ಮೊಬೈಲ್‌ನಲ್ಲಿರಲಿ. ಅವರು ಕಾಣದಿದ್ದರೆ ತಡಮಾಡದೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ.
– ತುಮಕೂರು

ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ. ಉಡುಪಿಯವರ ಪ್ರಶ್ನೆಯನ್ನು ಶಿವಮೊಗ್ಗಕ್ಕೆ ಕಳಿಸಿದ್ದೇವೆ. ಉತ್ತರವನ್ನು ಮಗನೇ ಬರೆದರೆ ಜಾಗ ಕಾದಿರಿಸುತ್ತೇವೆ.
– ಸಂ.