ಮಗಳ ಅಮೈಲೇಸ್ ಇಳಿಯುತ್ತಲೇ ಇಲ್ಲ, ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ತೊಂದರೆಯಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ಏಳು ವರ್ಷ. ಆರು ತಿಂಗಳ ಹಿಂದೆ ವಾಂತಿಭೇದಿಯಾದಾಗ ರಕ್ತದಲ್ಲಿ ಅಮೈಲೇಸ್ (ಪಿಷ್ಟ ಜೀರ್ಣಿಸುವ ಕಿಣ್ವ) 340 ಬಂತು. 100ರೊಳಗಿರಬೇಕು ಅಂತ ಲ್ಯಾಬ್ ಚೀಟಿಯಲ್ಲಿದೆ. ಲಿಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) 32, ನಾರ್ಮಲ್. ವಾಂತಿ ಆಗಲೇ ನಿಂತಿದೆ, ಅಮೈಲೇಸ್ ಮಾತ್ರ ಇನ್ನೂ ಅಷ್ಟೇ ಇದೆ. ಹೊಟ್ಟೆನೋವಿಲ್ಲ, ಸ್ಕ್ಯಾನ್ ಸರಿಯಿದೆ. ಭಯಕ್ಕೆ ಎಣ್ಣೆ, ತುಪ್ಪ ಎಲ್ಲಾ ನಿಲ್ಲಿಸಿದ್ದೇವೆ.

ಉತ್ತರ (ಮಕ್ಕಳ ಹೊಟ್ಟೆ-ಕರುಳಿನ ವೈದ್ಯರು): ಮೊದಲು ತುಪ್ಪ ಕೊಡಿ ಅಮ್ಮಾ, ಪಾಪ! ಪ್ಯಾಂಕ್ರಿಯಾಸ್ ಊದಿಕೊಂಡಿದೆ ಅನ್ನಬೇಕಾದರೆ ಮೂರರಲ್ಲಿ ಎರಡು ಇರಬೇಕು: ಅದಕ್ಕೆ ತಕ್ಕ ಹೊಟ್ಟೆನೋವು, ಮೂರು ಪಟ್ಟು ಏರಿದ ಅಮೈಲೇಸ್ ಅಥವಾ ಲಿಪೇಸ್, ಸ್ಕ್ಯಾನ್‌ನಲ್ಲಿ ಗುರುತು. ನಿಮ್ಮ ಮಗಳಿಗೆ ಇರುವುದು ಒಂದೇ.

ಅಮೈಲೇಸ್ ಜೊಲ್ಲಿನ ಗ್ರಂಥಿಯಿಂದಲೂ ಬರುತ್ತದೆ. ಮಂಗನಬಾವು ಬಂದಾಗ ಏರುತ್ತದೆ, ಜೋರು ವಾಂತಿಯಲ್ಲೂ ಏರಬಹುದು. ಆದರೆ ಅದು ಆಮೇಲೆ ಇಳಿಯುತ್ತದೆ. ಲಿಪೇಸ್ ಸರಿಯಿದ್ದು ತಿಂಗಳುಗಟ್ಟಲೆ ಅಮೈಲೇಸ್ ಒಂದೇ ಜಾಸ್ತಿ ಇದ್ದರೆ ನನಗೆ ಮೊದಲು ಅನುಮಾನ ಬರುವುದು ಮ್ಯಾಕ್ರೋಅಮೈಲೇಸ್ ಮೇಲೆ. ಅಮೈಲೇಸ್ ರಕ್ತದ ಆಂಟಿಬಾಡಿಗೆ ಅಂಟಿಕೊಂಡು ದಪ್ಪಗಾಗುತ್ತದೆ, ಕಿಡ್ನಿಯ ಜರಡಿಯಲ್ಲಿ ಇಳಿಯುವುದಿಲ್ಲ. ತಯಾರಾಗುವುದು ಜಾಸ್ತಿಯಲ್ಲ, ಹೊರಗೆ ಹೋಗುವುದು ಕಡಿಮೆ, ಅಷ್ಟೇ.

ಒಂದೇ ದಿನ ರಕ್ತ ಮತ್ತು ಮೂತ್ರ ಎರಡರಲ್ಲೂ ಅಮೈಲೇಸ್, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ನೋಡಿಸಿ. ಅದರಿಂದ ಲೆಕ್ಕ ಹಾಕುವ ಕ್ಲಿಯರೆನ್ಸ್ ಅನುಪಾತ ಶೇ. 1ಕ್ಕಿಂತ ಕಡಿಮೆ ಬಂದರೆ ಬಹುಮಟ್ಟಿಗೆ ಇದೇ. ಔಷಧಿ ಬೇಕಿಲ್ಲ. ಕೆಲವರಲ್ಲಿ ಇದರ ಜೊತೆ ಸೀಲಿಯಾಕ್, ಅಂದರೆ ಗೋಧಿ ಒಗ್ಗದ ಕಾಯಿಲೆ ಇರುವುದುಂಟು. ಅದನ್ನು ಪತ್ತೆ ಮಾಡುವ ಟಿಟಿಜಿ ಎಂಬ ರಕ್ತದ ಟೆಸ್ಟ್ ಒಮ್ಮೆ ಮಾಡಿಸಿಬಿಡಿ. ಪ್ರತಿ ತಿಂಗಳು ಸುಮ್ನೆ ಸೂಜಿ ಚುಚ್ಚಿಸಬೇಡಿ.

ಇನ್ನೊಬ್ಬರು: ಸರ್, ನನ್ನ ಮಗನಿಗೆ ಅಮೈಲೇಸ್, ಲಿಪೇಸ್ ಎರಡೂ ಜಾಸ್ತಿ. ಒಂದು ದಿನ ಏರುತ್ತದೆ, ಇನ್ನೊಂದು ದಿನ ನಾರ್ಮಲ್. ಆರಾಮಾಗಿ ಆಡಿಕೊಂಡಿದ್ದಾನೆ. ಇದೂ ಅದೇ ಅಲ್ವಾ?

ಉತ್ತರ: ಅಲ್ಲ, ಇದನ್ನು ಬೇರೆ ಥರ ನೋಡಬೇಕು. ಕಿಡ್ನಿ, ಸೀಲಿಯಾಕ್, ತೆಗೆದುಕೊಳ್ಳುವ ಮಾತ್ರೆ (ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಥರದ್ದು), ಎಂಆರ್‌ಸಿಪಿ ಸ್ಕ್ಯಾನ್ (ಪ್ಯಾಂಕ್ರಿಯಾಸ್, ಪಿತ್ತದ ನಾಳಗಳ ಎಂಆರ್‌ಐ), ಎಲ್ಲಾ ನೋಡಿ ಏನೂ ಸಿಗದಿದ್ದರೆ ಗುಲ್ಲೋ ಸಿಂಡ್ರೋಮ್ ಅನ್ನುತ್ತೇವೆ, ಅಂದರೆ ಕಾಯಿಲೆಯಿಲ್ಲದೆಯೇ ಪ್ಯಾಂಕ್ರಿಯಾಸ್ ಕಿಣ್ವಗಳು ಏರುವುದು. ಇಟಲಿಯ ವೈದ್ಯ ಲೂಚಿಯೋ ಗುಲ್ಲೋ 1996ರಲ್ಲಿ ಇದನ್ನು ವಿವರಿಸಿದರು. ಹೀಗೆ ಏರಿ ಇಳಿಯುವುದೇ ಅದರ ಗುಣ. ಮನೆತನದಲ್ಲೂ ಬರುತ್ತದೆ, ಹಾಗಾಗಿ ಅಪ್ಪ-ಅಮ್ಮ ನಿಮ್ಮಿಬ್ಬರದೂ ಒಮ್ಮೆ ನೋಡಿಸಿ. ಆದರೆ ಒಂದು ವರ್ಷವಾದರೂ ಕಾದು ನೋಡದೆ ಆ ಹೆಸರು ಅಂಟಿಸಬಾರದು. ಮೇಲುಹೊಟ್ಟೆ ಜೋರಾಗಿ ನೋಯುತ್ತಾ ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮೊದಲು ಕೇಳಿದವರು: ಟಿಟಿಜಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಉತ್ತರ: ಬೇಡ. ಟೆಸ್ಟ್ ಆಗುವವರೆಗೆ ಚಪಾತಿ ಮಾತ್ರ ನಿಲ್ಲಿಸಬೇಡಿ. ಗೋಧಿ ಬಿಟ್ಟಿದ್ದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.