‘ದೇವರನ್ನು ನಂಬು’, ‘ದೇವರಿದ್ದಾನೆ ಅಂತ ನಂಬು’: ಎರಡಕ್ಕೂ ‘ನಂಬಿಕೆ’ ಸಾಕೇ?

ಗೆಳೆಯರೇ,

ಧರ್ಮದ ಮಾತುಗಳಿಗೆ ಅರ್ಥ ಎಲ್ಲಿಂದ ಬರುತ್ತೆ ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನ ‘ಬಿಲೀಫ್’ ಬಂದ ಕಡೆಯೆಲ್ಲ ‘ನಂಬಿಕೆ’ ಅಂತ ಬರೆಯುತ್ತಾ ಹೋದೆ. ಅರ್ಧಕ್ಕೆ ಬಂದಾಗ ಕೈ ನಿಂತಿತು.

ನಮ್ಮ ‘ನಂಬು’ ಎರಡು ಥರ ನಡೆಯುತ್ತೆ. ‘ಮಳೆ ಬರುತ್ತೆ ಅಂತ ನಂಬಿದ್ದೇನೆ’ ಅಂದರೆ ಅದೊಂದು ಅಂದಾಜು. ತಪ್ಪಾದರೆ ಸುಮ್ನಾಗಬಹುದು. ‘ಮಳೆಯನ್ನು ನಂಬಿ ಬಿತ್ತಿದ್ದೇನೆ’ ಅಂದರೆ ಹಾಗಲ್ಲ. ಬೀಜ, ದುಡಿಮೆ, ಮುಂದಿನ ವರ್ಷದ ಬದುಕು ಎಲ್ಲವೂ ಅದರ ಮೇಲೆ ನಿಂತಿದೆ. ‘ಭೂಮಿ ನಂಬಿ ಬದುಕುವವರು’ ಅನ್ನುವಾಗ ಭೂಮಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ‘ನಿಮ್ಮನ್ನೇ ನಂಬಿದ್ದೇನೆ’ ಅಂದವರಿಗೆ ನಾವು ಸಾಕ್ಷಿ ಕೇಳುವುದಿಲ್ಲ, ಅಲ್ವಾ? ‘ದೇವರನ್ನು ನಂಬಿದ್ದೇನೆ’ ಈ ಎರಡನೆಯ ಸಾಲಿಗೇ ಸೇರಿದ್ದು ಅಂತ ನನಗನಿಸುತ್ತೆ.

ಲ್ಯಾಟಿನ್‌ನಲ್ಲಿ ಕ್ರೈಸ್ತ ಧರ್ಮಚಿಂತಕ ಅಗಸ್ಟೀನ್ (354–430) ಇಂಥದೇ ಗೆರೆ ಎಳೆದಿದ್ದರು. ಕ್ರಿಸ್ತನ ಮಾತು ನಿಜ ಅಂತ ದೆವ್ವಗಳೂ ಒಪ್ಪಿದ್ದವು, ಆದರೆ ಅವನನ್ನು ನೆಚ್ಚಿರಲಿಲ್ಲ ಅನ್ನುವುದು ಅವರ ವಾದ. ಅವರೂ ಕ್ರಿಯಾಪದ ಬದಲಿಸಲಿಲ್ಲ, ಅದರ ಜೊತೆಗಿನ ರೂಪವನ್ನಷ್ಟೇ ಬದಲಿಸಿದರು.

ನಾನು ಅನುವಾದಿಸುತ್ತಿರುವ ಬರಹದಲ್ಲಿ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಬರುತ್ತಾರೆ. 1938ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಾಠ ಮಾಡುವಾಗ ಅವರು ಕೊಟ್ಟ ಉದಾಹರಣೆ ಇದು. ಒಬ್ಬ ಕಾಯಿಲೆ ಬಿದ್ದು ‘ಇದು ನನಗೆ ಶಿಕ್ಷೆ’ ಅನ್ನುತ್ತಾನೆ. ಇನ್ನೊಬ್ಬನಿಗೆ ಕಾಯಿಲೆ ಬಂದಾಗ ಶಿಕ್ಷೆ ಅನ್ನುವ ಯೋಚನೆಯೇ ಹತ್ತಿರ ಸುಳಿಯುವುದಿಲ್ಲ. ಎರಡನೆಯವನು ಮೊದಲಿನವನ ಮಾತನ್ನು ಅಲ್ಲಗಳೆದಂತಾಯಿತೇ? ಇಲ್ಲ. ಇಬ್ಬರೂ ಬೇರೆ ಬೇರೆ ರೀತಿ ಯೋಚಿಸುತ್ತಿದ್ದಾರೆ, ಅಷ್ಟೇ.

ಧರ್ಮದ ಮಾತಿನ ಅರ್ಥ ಅದನ್ನು ಯಾರು, ಯಾವಾಗ ಅನ್ನುತ್ತಾರೆ ಅನ್ನುವುದರಲ್ಲೂ ಇರುತ್ತೆ. ಪ್ರಾರ್ಥನೆಯಲ್ಲಿ ಬರುವ ‘ಆಮೆನ್’ ನೋಡಿ. ಆ ಪದದ ಹೀಬ್ರೂ ಬೇರಿಗೆ ಗಟ್ಟಿ, ಭದ್ರ ಅನ್ನುವ ಅರ್ಥ. ಯಹೂದಿ ಪ್ರಾರ್ಥನೆಯಲ್ಲಿ ಸಾಮಾನ್ಯವಾಗಿ ಬೇರೆಯವರು ಹೇಳಿದ ಸ್ತುತಿಗೆ ಕೇಳಿದವರು ‘ಆಮೆನ್’ ಅನ್ನುತ್ತಾರೆ, ತಾವೇ ಹೇಳಿದ್ದಕ್ಕಲ್ಲ. ನಿಘಂಟಿನಲ್ಲಿ ಬರೀ ‘ಹಾಗೇ ಆಗಲಿ’ ಅಂತ ಓದಿದವರಿಗೆ ಇದು ಗೊತ್ತಾಗುವುದಿಲ್ಲ.

ಹಾಗಂತ ಧರ್ಮದ ಮಾತಿನಲ್ಲಿ ನಿಜ-ಸುಳ್ಳಿನ ಮಾತೇ ಇಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಮಳೆಯನ್ನು ನಂಬಿ ಬಿತ್ತಿದವನು ಮಳೆ ಬರುತ್ತೆ ಅಂತಲೂ ಅಂದುಕೊಂಡಿರುತ್ತಾನೆ.

ಈಗ ನನ್ನ ತೊಡಕು. ಕ್ರಿಯಾಪದದಲ್ಲಿ ‘ಅಂತ’ ಮತ್ತು ‘ಅನ್ನು’ ಇದನ್ನೆಲ್ಲ ಚೆನ್ನಾಗಿ ಬೇರ್ಪಡಿಸುತ್ತವೆ. ನಾಮಪದಕ್ಕೆ ಬಂದರೆ ಎರಡೂ ‘ನಂಬಿಕೆ’ಯಲ್ಲಿ ಬೆರೆತುಹೋಗುತ್ತವೆ. ‘ಶ್ರದ್ಧೆ’ ಅಂದರೆ ಓದುವವರಿಗೆ ಮೊದಲು ಮನಸ್ಸಿಟ್ಟು ಕೆಲಸ ಮಾಡುವುದು ನೆನಪಾಗುತ್ತೆ. ‘ವಿಶ್ವಾಸ’ದಲ್ಲಿ ಸ್ನೇಹದ ಬಣ್ಣ ಜಾಸ್ತಿ. ಎರಡನೆಯ ಅರ್ಥಕ್ಕೆ ‘ನೆಚ್ಚಿಕೆ’ ಹೊಂದುತ್ತದೆಯೇ? ‘ನೆಚ್ಚಿಕೊಂಡು ಕೂತೆ’ ಅನ್ನುವ ಬಳಕೆ ಇನ್ನೂ ಇದೆ. ಆದರೆ ‘ನೆಚ್ಚಿನ’ ಅಂದರೆ ಈಗ ಬರೀ ಇಷ್ಟದ್ದು ಅಂತಾಗಿದೆ. ಅದೇ ನನಗೆ ಅಳುಕು. ನಿಮ್ಮ ಕಡೆ ಬೇರೆ ಮಾತು ಬಳಕೆಯಲ್ಲಿದ್ದರೆ, ಯಾರು ಯಾವಾಗ ಅನ್ನುತ್ತಾರೆ ಅನ್ನುವುದನ್ನೂ ಸೇರಿಸಿ ತಿಳಿಸಿ.